ಆದಿನಾರಾಯಣಪ್ಪನವರ ಕೋಟು

ದೇವನಹಳ್ಳಿಯ ಸೇವಾ ಕ್ಲಬ್ಬಿನ ಗಾಜಿನ ಬೀರುವಿನಲ್ಲಿ ಇದ್ದದ್ದು ಒಂದೇ ಒಂದು ಕರಿ ಉಣ್ಣೆಯ ಕೋಟು. ಅಕ್ಕಿ ಮಂಡಿಯ ಆದಿನಾರಾಯಣಪ್ಪನವರು ಬದುಕಿರುವವರೆಗೆ, ಕೋಟು ಹೊಲಿಸುವ ಶಕ್ತಿಯಿಲ್ಲದ ಯಾವ ಮದುಮಗ ಬಂದು ಕೇಳಿದರೂ ಅದನ್ನು ಕೊಟ್ಟು ಕಳಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸವನ್ನು ಕ್ಲಬ್ಬು ವಹಿಸಿಕೊಂಡಿತು. ಕಾರ್ಯದರ್ಶಿಯೇ ಕೋಟು ಹೊತ್ತು ಮದುವೆ ಮನೆಗೆ ಹೋಗಬೇಕು, ಆರತಕ್ಷತೆಗೆ ಮದುಮಗನಿಗೆ ತೊಡಿಸಬೇಕು, ಮುಗಿದ ಮೇಲೆ ವಾಪಸು ತರಬೇಕು. ಜೊತೆಗೊಂದು ನಿಯಮ: ದೊಡ್ಡವರು ತೊಟ್ಟ ಕೋಟಿಗೆ ಸೂಜಿ, ಕತ್ತರಿ ಮುಟ್ಟಿಸಬಾರದು.

ಎಪ್ಪತ್ತಮೂರರ ವೈಶಾಖದಲ್ಲಿ ಕೋಟು ಕುಂದಾಣಕ್ಕೆ ಹೊರಟಿತು. ತಾಲ್ಲೂಕು ಕಚೇರಿಯ ಗುಮಾಸ್ತ ಹನುಮಂತರಾಯಪ್ಪ ಕಾರ್ಯದರ್ಶಿಯಾದ ಮೇಲೆ ಅದೇ ಮೊದಲ ಮದುವೆ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೋಟು ಸುಕ್ಕಾದೀತೆಂದು ನಿಂತೇ ಬಂದ.

ಮದುಮಗ ಚಿಕ್ಕಬೀರಪ್ಪ ಗರಡಿಯಲ್ಲಿ ಬೆಳೆದ ಆಳು. ಒಂದು ತೋಳು ಹೇಗೋ ತೂರಿತು. ಇನ್ನೊಂದು ಮೊಣಕೈಯಲ್ಲಿ ನಿಂತುಬಿಟ್ಟಿತು.

“ಉಸಿರು ಒಳಕ್ಕೆ ಎಳ್ಕೊಳಪ್ಪ.”

“ಎಳ್ಕೊಂಡೇ ಇವ್ನಿ ಸಾ. ಇನ್ನೂ ಎಳ್ಕೊಂಡ್ರೆ ಹೆಣ್ಣು ಬೇರೆಯೋರ ಪಾಲಾಯ್ತದೆ.”

ಹೆಣ್ಣಿನ ಸೋದರತ್ತೆ ಮುನಿತಾಯಮ್ಮ ಬಾಗಿಲಲ್ಲಿ ತಲೆ ಹಾಕಿದಳು. “ಏನ್ ಸೆಕ್ರೆಟ್ರಿಗಳೇ, ಊರೋರಿಗೆಲ್ಲಾ ಆಗೋ ಕೋಟು ನಮ್ಮಳಿಯಂಗೆ ಮಾತ್ರ ಒಲ್ಲೆ ಅಂತದಾ? ಪೋಟೋದೋನು ಬಂದು ಕುಂತವ್ನೆ.” ನಕ್ಕು ಹೋದಳು. ಆ ನಗು ಹಜಾರದ ತುಂಬ ಹರಡಿದ್ದು ಒಳಗೆ ಕೇಳಿಸಿತು.

ಚಿಕ್ಕಬೀರಪ್ಪ ತಲೆ ತಗ್ಗಿಸಿದ. “ಬ್ಯಾಡ ಬುಡಿ ಸಾ, ಅಂಗೀಲೇ ಕುಂತ್ಕೋತೀನಿ. ಆದ್ರೆ ಸಾಯೋಗಂಟ ಆಡ್ಕೋತಾರೆ ಇವ್ರು.”

ಹನುಮಂತರಾಯಪ್ಪನಿಗೆ ಕ್ಲಬ್ಬು ನೆನಪಾಯಿತು, ಅಧ್ಯಕ್ಷರು ನೆನಪಾದರು. ಆದರೂ ಕ್ಷೌರದ ಬ್ಲೇಡೊಂದು ಕೇಳಿ ಪಡೆದು, ಬಾಗಿಲು ಹಾಕಿ, ಕೋಟಿನ ಬೆನ್ನಿನ ಹೊಲಿಗೆಯನ್ನು ಕಾಲರಿನ ಕೆಳಗಿನಿಂದ ಅಂಚಿನವರೆಗೂ ಬಿಚ್ಚಿದ. ಮುಂದಿನಿಂದ ನೋಡಿದರೆ ಕೋಟು ಅಚ್ಚುಕಟ್ಟಾಗಿ ಕೂತಿತ್ತು. ಗಂಡನ್ನು ಗೋಡೆಗೆ ಒರಗಿದಂತೆ ಕುರ್ಚಿಯಲ್ಲಿ ಕೂರಿಸಲಾಯಿತು. ಫೋಟೋಕ್ಕೆಂದು ಕುರ್ಚಿ ಮುಂದಕ್ಕೆ ಎಳೆದಾಗ ಹನುಮಂತರಾಯಪ್ಪ ಹಿಂದಿನ ಸಂದಿಗೆ ನುಗ್ಗಿ ನಿಂತವನು ಊಟಕ್ಕೂ ಕದಲಲಿಲ್ಲ.

ಮುಂದಿನ ಸಭೆಯಲ್ಲಿ ಕೋಟನ್ನು ಮೇಜಿನ ಮೇಲೆ ಬೆನ್ನು ಮೇಲಾಗಿ ಹರಡಿ, ನಡೆದದ್ದನ್ನು ಹೇಳಿದ. ರಾಜೀನಾಮೆ ಕೊಡುವುದಾಗಿಯೂ ಹೇಳಿದ.

“ಅದಕ್ಯಾಕ್ರೀ ರಾಜೀನಾಮೆ? ಹೊಲಿಸಿದ್ರಾಯ್ತು,” ಎಂದರು ಸದಸ್ಯರಾದ ಪಾಪಯ್ಯನವರು.

ಅಧ್ಯಕ್ಷ ನರಸಿಂಹಯ್ಯನವರು ಕನ್ನಡಕ ತೆಗೆದರು. “ಹೆಂಗ್ರೀ ಹೊಲಿಸೋದು? ಸೂಜಿ ಮುಟ್ಟಿಸಬಾರದು ಅಂತ ನಾವೇ ತೀರ್ಮಾನ ಮಾಡಿದೀವಿ. ಇವ್ರು ಒಂದು ತಪ್ಪು ಮಾಡಿದ್ರು ಅಂತ ನಾವು ಇನ್ನೊಂದು ಮಾಡೋದಾ?”

“ಹಂಗಾದ್ರೆ ಹರಿದಿದ್ನೇ ಕಳಿಸೋದಾ?”

“ಎದುರಿಗೆ ನೋಡಿದ್ರೆ ಏನಾದ್ರೂ ಕಾಣ್ತದಾ?”

ಕಾಣುವುದಿಲ್ಲವೆಂದು ಹನುಮಂತರಾಯಪ್ಪ ನಿಜವನ್ನೇ ಹೇಳಿದ. ಕಾಫಿ ಆರಿಹೋಗುವಷ್ಟು ಹೊತ್ತು ವಾದ ನಡೆದು, ಕೋಟು ಇದ್ದ ಹಾಗೇ ಬೀರು ಸೇರಿತು. ರಾಜೀನಾಮೆಯನ್ನು ಯಾರೂ ಚರ್ಚೆಗೆ ಎತ್ತಿಕೊಳ್ಳಲಿಲ್ಲ. ಬೆನ್ನು ಮುಚ್ಚುವ ಹೊಣೆ ಕಾರ್ಯದರ್ಶಿಯದೆಂದು ಮಾತ್ರ ನಿರ್ಧಾರವಾಯಿತು.

ಅಲ್ಲಿಂದಾಚೆಗೆ ದಪ್ಪಗಿದ್ದವನಿಗೂ ಸಣ್ಣಗಿದ್ದವನಿಗೂ ಕೋಟು ಸರಿಹೋಗುತ್ತಿತ್ತು. ಸುತ್ತಿನ ಹಳ್ಳಿಗಳ ಮದುವೆ ಫೋಟೋಗಳಲ್ಲಿ ಮದುಮಗನ ಬೆನ್ನಿಗೆ ಅಂಟಿಕೊಂಡಂತೆ, ಕ್ಯಾಮೆರಾ ನೋಡದೆ ಕೆಳಗೆ ನೋಡುವ ಒಬ್ಬ ಗುಮಾಸ್ತ ಇರುತ್ತಾನೆ. ಇವರು ಗಂಡಿಗೆ ಏನಾಗಬೇಕು ಎಂದು ಬೀಗರು ಕೇಳುತ್ತಾರೆ.