ಮೊಳಕೈ ತನಕ

ನಮ್ಮ ಇದ್ದಿಲು ಚೀಲ ಸೇರುವ ಮೊದಲು ನನ್ನ ಕೈ ಅದರೊಳಗೆ ಮೊಳಕೈ ತನಕ ಹೋಗಬೇಕು. ಜೋಳದ ದಿಂಡು, ಹತ್ತಿಕಡ್ಡಿ, ಹೊಲದಲ್ಲಿ ಉಳಿದ ಕಸವನ್ನೆಲ್ಲ ಡ್ರಮ್ಮಿಗೆ ತುಂಬಿ, ಹೆಚ್ಚು ಗಾಳಿ ಆಡದಂತೆ ಸುಟ್ಟು, ನೀರು ಹೊಯ್ದು, ತಗಡಿನ ಮೇಲೆ ಒಂದು ದಿನ ಹರಡುತ್ತೇವೆ. ಆಮೇಲೆ ಗುಡ್ಡೆ ಮಾಡಿ ಒಳಗೂ ತಣ್ಣಗಾಗಿದೆಯೇ ಎಂದು ನೋಡುವುದು ನನ್ನ ಪಾಲಿನ ಕೆಲಸ. ಸಗಣಿ ನೀರು ಕುಡಿಸಿ, ಗೊಬ್ಬರದಂತೆ ಮಣ್ಣಿಗೆ ಬೆರೆಸಲು ಹದ ಮಾಡುವುದು ಅದರ ನಂತರದ ಮಾತು. ಬೂದಿ ಮುಚ್ಚಿದ ಕೆಂಡ ಎನ್ನುವುದು ಊರಿಗೆಲ್ಲ ಬರೀ ಮಾತು, ನಮಗೆ ದಿನದ ಭಯ. ಹೊಗೆ ಕಾಣಿಸದಂತೆ ಒಳಗೊಳಗೇ ಬೇಯುವ ಚೀಲ ಮುಚ್ಚಿದ ಕೋಣೆಯಲ್ಲಿದ್ದರೆ ಅದರ ವಿಷಗಾಳಿಗೆ ಅಲ್ಲಿ ಮಲಗಿದವರು ಮತ್ತೆ ಏಳುವುದಿಲ್ಲ.

ಮೊನ್ನೆ ನನ್ನ ತಮ್ಮ, ಕೆಲಸದವರ ಎದುರಿಗೇ, ನನ್ನನ್ನು ಇದ್ದಿಲಿಗೆ ಜ್ವರ ನೋಡುವ ಡಾಕ್ಟರಮ್ಮ ಎಂದು ಕರೆದ. ಎಲ್ಲರೂ ನಕ್ಕರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಹಾಗಾದರೆ ನೀನೇ ನೋಡಿಕೋ ಎಂದು ಒಳಗೆ ಬಂದುಬಿಟ್ಟೆ. ಅವನು ಗುಡ್ಡೆಯ ಮೇಲೆ ಅಂಗೈ ಇಟ್ಟು, ತಲೆಯಾಡಿಸಿ, ಆರು ಚೀಲ ತುಂಬಿಸಿದ. ಕಿಟಕಿಯಿಂದ ಎಲ್ಲ ನೋಡಿದೆ, ತುಟಿ ಬಿಚ್ಚಲಿಲ್ಲ. ಅನುಭವಿಸಲಿ ಎಂದೇ ಅಂದುಕೊಂಡೆ.

ನಿನ್ನೆ ಸಂಜೆ ಹೊಲಿಗೆಯವಳು ಬಂದಳು. ಕುಂಡದ ಗಿಡಗಳಿಗೆ ಒಂದು ಚೀಲ ಬೇಕಿತ್ತು, ಆದರೆ ಸಗಣಿ ವಾಸನೆ ಅವಳಮ್ಮನಿಗೆ ಆಗದು. ಒಣ ಚೀಲವನ್ನೇ ತಮ್ಮ ಅವಳ ಸೈಕಲ್ಲಿಗೆ ಕಟ್ಟಿದ. ಮೋಡ ಕವಿದಿತ್ತು. ನಾನು ಹೊಸಿಲಲ್ಲೇ ನಿಂತು, ನೆನೆಯಲು ಬಿಡಬೇಡ, ಕಿಟಕಿ ಹಾಕಿಕೊಂಡು ಒಳಗೇ ಇಡು ಎಂದು ಹೇಳಿ ಕಳಿಸಿದೆ. ಅವಳಿಗೂ ಅವಳಮ್ಮನಿಗೂ ಇರುವುದು ಒಂದೇ ಕೋಣೆ.

ಇವತ್ತು ಮಧ್ಯಾಹ್ನ ಅಪ್ಪ ಚೀಲದ ಕೋಣೆಯಿಂದ ಹಣೆ ಒತ್ತಿಕೊಂಡು ಊಟಕ್ಕೆ ಬಂದರು. ಚಳಿಗಾಳಿಗೆ ಬಾಗಿಲು ಹಾಕಿಕೊಂಡು ಅಲ್ಲೇ ಖಾಲಿ ಚೀಲಗಳಿಗೆ ತೇಪೆ ಹಾಕುತ್ತಿದ್ದರಂತೆ.

"ಈ ಸಲದ ಚೀಲ ಬೆನ್ನಿಗೆ ಎಷ್ಟು ಬೆಚ್ಚಗಿದೆ ಗೊತ್ತೇನಮ್ಮ," ಎಂದರು. "ತಲೆ ಮಾತ್ರ ಯಾಕೋ ಸಿಡೀತಿದೆ."

ಬಡಿಸುತ್ತಿದ್ದ ಸೌಟು ಅಲ್ಲೇ ಬಿಟ್ಟು ಓಡಿದೆ. ಒಂದು ಚೀಲದ ಬಾಯಿ ಬಿಚ್ಚಿ ಕೈ ಇಳಿಸಿದೆ. ಮಣಿಕಟ್ಟಿನ ತನಕ ಬರೀ ಬೆಚ್ಚಗಿತ್ತು. ಮೊಳಕೈ ಮುಳುಗುವಷ್ಟರಲ್ಲಿ ಬೆರಳು ಸುಟ್ಟವು. ತಮ್ಮ ಬಂದವನೇ ಚೀಲಗಳನ್ನು ಅಂಗಳಕ್ಕೆ ಎಳೆದ. ನೀರು ಬಿದ್ದಾಗ ಐದೂ ಬುಸ್ಸೆಂದವು.

"ಆರನೇದು?" ಎಂದೆ.

ಅವನು ಬೀದಿಯ ಕಡೆ ತಿರುಗಿದ. "ಕಿಟಕಿ ಹಾಕ್ಕೊಂಡು ಒಳಗಿಡು ಅಂತ ನೀನೇ ಹೇಳಿದ್ಯಲ್ಲಕ್ಕ."

ಇಬ್ಬರೂ ಓಡಿದೆವು. ಮಳೆಯ ಯೋಚನೆಯಲ್ಲಿ, ಆ ಚೀಲಕ್ಕೆ ನಾನು ಕೈ ಇಳಿಸಿಲ್ಲ ಎಂಬುದೇ ನಿನ್ನೆ ನೆನಪಾಗಿರಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಅಮ್ಮ ನನಗೆ ಎಷ್ಟು ಸಲ ಹೇಳಿದ್ದಳೋ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹೊಲಿಗೆಯವಳ ಬೀದಿಗೆ ತಿರುಗಿದರೆ ಸಾಕು, ದಿನವೂ ಅವಳ ಮೆಷಿನ್ನಿನ ಸದ್ದು ಕೇಳಿಸುತ್ತಿತ್ತು. ಇವತ್ತು ಬೆಳಗಿನಿಂದ ಕೇಳಿಲ್ಲ ಎಂದ ಎದುರಂಗಡಿಯವನು. ತಾಯಿ ಮಗಳು ಎಲ್ಲೋ ಹೋಗಿರಬೇಕು ಎಂದುಕೊಂಡಿದ್ದನಂತೆ.

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಕಿಟಕಿಯೂ ಮುಚ್ಚಿತ್ತು, ನಾನು ಹೇಳಿದ ಹಾಗೆಯೇ. ಕೂಗಿದೆವು, ಬಡಿದೆವು. ತಮ್ಮ ಬಾಗಿಲು ಒಡೆಯಲು ಭುಜ ಕೊಟ್ಟು ಹಿಂದೆ ಸರಿಯುವ ನಡುವೆ ನಾನು, ಮೊನ್ನೆ ಅವನು ಗುಡ್ಡೆಯ ಮೇಲೆ ಇಟ್ಟ ಹಾಗೆಯೇ, ಬಾಗಿಲ ಮೇಲೆ ಅಂಗೈ ಇಟ್ಟು ನೋಡಿದೆ.

ತಣ್ಣಗೇ ಇತ್ತು.