ಸೊಂಟ ನೋವಿನ ಸುಳ್ಳು

ನಾನು ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಲಿಂಗಸುಗೂರಿನ ಕಡೆ ಅಂಥವರು ಮೂರು ಸಲ ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎನ್ನುತ್ತಾರೆ. ಆ ಸುದ್ದಿ ನನ್ನ ಹಿಂದೆಯೇ ಬೊಮ್ಮಸಂದ್ರಕ್ಕೂ ಬಂತು. ನಾನೂ ಗಂಡನೂ ದುಡಿಯುವ ಪೈಪ್ ಫ್ಯಾಕ್ಟರಿಯಲ್ಲಿ ಸೊಂಟ ಹಿಡಿದವರೆಲ್ಲ ಬೆಳಗಾಗುವ ಮೊದಲು ನಮ್ಮ ವಠಾರಕ್ಕೆ ಬಂದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಮೂಟೆ ಎತ್ತುವ ದಾಸಪ್ಪಣ್ಣನನ್ನಂತೂ ಎರಡು ಸಲ, ಮೂರು ಮೂರು ಒದೆಯಂತೆ, ಒದ್ದಿದ್ದೆ. ವರ್ಷದಿಂದ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡೇ ಓಡಾಡುವ ಐವತ್ತರ ಮನುಷ್ಯ ಅವನು. ನೋವು ಹೋಗದಿದ್ದರೂ "ವಸಿ ಅಗುರಾಯ್ತು ಕಣಮ್ಮ" ಎಂದು ನನ್ನ ಮರ್ಯಾದೆ ಉಳಿಸಿದ್ದ.

ಹಾಗಾಗಿ ನನ್ನ ಗಂಡ ಸಿದ್ರಾಮ ಒಂದು ಸೋಮವಾರ ಕಾಲು ಅಗಲಿಸಿ ನಡೆಯುತ್ತ ಬಂದು "ಸೊಂಟ ಹಿಡದೈತಿ" ಎಂದಾಗ ನನಗೆ ಅನುಮಾನವೇ ಬರಲಿಲ್ಲ. ಮರುದಿನ ಬೆಳಿಗ್ಗೆ ಗೋಡೆಗೆ ಕೈ ಊರಿಸಿ ನಿಲ್ಲಿಸಿ ಒದ್ದೆ. ಮೊದಲ ಒದೆಗೇ ಅವನು ಕಿರುಚಿದ ಸದ್ದಿಗೆ ಮೇಲಿನ ಮನೆಯಿಂದ ಓನರ್ ಪಿಳ್ಳಮ್ಮ ಇಳಿದು ಬಂದಳು. ನಾನು ಬಿಡಲಿಲ್ಲ, ಮೂರು ಪೂರ್ತಿಯಾಗಬೇಕಲ್ಲ. ಮೇಲೆ ಬಿಸಿನೀರಿನ ಕಾವು ಬೇರೆ ಕೊಟ್ಟೆ. ಬುಧವಾರ ಮೈ ಸುಡುವ ಜ್ವರ. ಲುಂಗಿ ಸರಿಸಿ ನೋಡಿದರೆ ಬಲಗಡೆಯ ಬೀಜ ಕೆಂಪಾಗಿ ಬದನೆಕಾಯಿಯಷ್ಟು ಊದಿತ್ತು.

"ಇದೇನು ನಿನ್ನ ಸೊಂಟ?" ಎಂದೆ.

ಅವನು ಗೋಡೆಯ ಕಡೆ ತಿರುಗಿ ಮಲಗಿದ. ನನ್ನ ತಲೆಗೆ ಮೊದಲು ಬಂದದ್ದು ಬೇರೆ ಹೆಂಗಸಿನ ಯೋಚನೆಯೇ. ಆನೇಕಲ್ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಅವನನ್ನು ಬಿಟ್ಟು ಬೇರೆ ಸೀಟಿನಲ್ಲಿ ಕೂತೆ.

ಡಾಕ್ಟರು ಸ್ಕ್ಯಾನ್ ಮಾಡಿಸಿ, ಮೂತ್ರ ಪರೀಕ್ಷೆ ಮಾಡಿಸಿ, ಮೊದಲು ಬೈದರು. ಬೀಜ ಒಳಗೇ ತಿರುಚಿಕೊಂಡಿದ್ದರೆ ಗಂಟೆಗಳಲ್ಲಿ ಆಪರೇಷನ್ ಮಾಡಬೇಕಿತ್ತಂತೆ, ಮೂರು ದಿನ ಮುಚ್ಚಿಟ್ಟಿದ್ದಕ್ಕೆ ಅದು ಸತ್ತೇ ಹೋಗುತ್ತಿತ್ತಂತೆ. ಇದು ಅದಲ್ಲ. ಬೀಜದ ಹಿಂದೆ ಸುರುಳಿ ಸುತ್ತಿದ ಒಂದು ನಾಳವಿದೆ, ಅದಕ್ಕೆ ಸೋಂಕು ತಗುಲಿ ಬಾವು ಬಂದಿದೆ. ಹೆಸರು ಎಪಿಡಿಡಿಮೈಟಿಸ್. ಬೇರೆ ಹೆಂಗಸರ ಸಹವಾಸ ಇದೆಯಾ ಎಂದು ನನ್ನೆದುರೇ ಕೇಳಿದರು. ಸಿದ್ರಾಮ ಅವ್ವನ ಆಣೆ ಇಟ್ಟ. ಪರೀಕ್ಷೆಯಲ್ಲೂ ಸಿಕ್ಕಿದ್ದು ಮೂತ್ರದ ಸೋಂಕೇ.

"ಮೂತ್ರ ಕಟ್ಕೊಂಡು ಭಾರ ಎತ್ತೋ ಕೆಲ್ಸ ಮಾಡ್ತೀರಾ? ಮೂತ್ರದ ಚೀಲ ತುಂಬಿರುವಾಗ ತಿಣುಕಿದ್ರೆ ಮೂತ್ರ ಹಿಂದಕ್ಕೆ ಆ ನಾಳಕ್ಕೆ ಹೋಗ್ಬಹುದು," ಎಂದರು ಡಾಕ್ಟರು.

ಸಿದ್ರಾಮ ನನ್ನ ಮುಖ ನೋಡಿದ. ನನ್ನ ಕೋಪ ಆಗ ಸರಿಯಾದ ದಾರಿ ಹಿಡಿಯಿತು. ನಮ್ಮ ಶೆಡ್ಡಿನಲ್ಲಿ ಪಾಯಿಖಾನೆಗೆ ಹೋಗಬೇಕಾದರೆ ಟೋಕನ್ ಬೇಕು. ಹದಿನೆಂಟು ಗಂಡಸರಿಗೆ ಒಂದು ಹಳದಿ ಬಿಲ್ಲೆ, ಪ್ಯಾಕಿಂಗಿನಲ್ಲಿರುವ ನಮ್ಮಂಥ ಹನ್ನೊಂದು ಹೆಂಗಸರಿಗೆ ಇನ್ನೊಂದು. ಎರಡೂ ನೇತಾಡುವುದು ಸೂಪರ್‌ವೈಸರ್ ಶ್ರೀಧರ್ ತಲೆಯ ಮೇಲಿನ ಮೊಳೆಯಲ್ಲಿ. ಎರಡನೇ ಸಲ ಕೇಳಿದರೆ "ಏನ್ ಗುರು, ಶುಗರ್ರಾ?" ಎನ್ನುತ್ತಾನೆ, ಇಡೀ ಶೆಡ್ಡು ನಗುತ್ತದೆ. ಆ ನಗುವಿಗೆ ಹೆದರಿ ಗಂಡಸರು ನೀರೇ ಕುಡಿಯುವುದಿಲ್ಲ. ಕಟ್ಟಿಕೊಂಡೇ ದಿನವಿಡೀ ಇಪ್ಪತ್ತೈದು ಕಿಲೋದ ಪ್ಲಾಸ್ಟಿಕ್ ಪುಡಿಯ ಮೂಟೆಗಳನ್ನು ಮೆಷಿನ್ ಬಾಯಿಗೆ ಎತ್ತಿ ಸುರಿಯುತ್ತಾರೆ. ಮೂತ್ರಕ್ಕೂ ಅಪ್ಪಣೆ ಕೇಳಬೇಕಾದ ಬಾಳು, ಅದಕ್ಕಿಷ್ಟು ಬೆಂಕಿ ಹಾಕ!

ಡಾಕ್ಟರು ಹೇಳಿದ್ದು ಇಷ್ಟು. ನೋವು ಹೋದರೂ ಮಾತ್ರೆ ಹದಿನಾಲ್ಕು ದಿನ ಪೂರ್ತಿ ನುಂಗಬೇಕು. ಮಲಗಿದಾಗ ಟವೆಲ್ ಸುತ್ತಿ ಬೀಜದ ಕೆಳಗಿಟ್ಟು ಎತ್ತರಿಸಬೇಕು, ಎದ್ದಾಗ ಬಿಗಿಯಾದ ಚಡ್ಡಿ ಹಾಕಬೇಕು. ಐಸನ್ನು ಬಟ್ಟೆಯಲ್ಲಿ ಸುತ್ತಿ ದಿನಕ್ಕೆ ನಾಲ್ಕಾರು ಸಲ ಹತ್ತು ಹತ್ತು ನಿಮಿಷ ಇಡಬೇಕು, ಕಾವು ಮಾತ್ರ ಕೂಡದು. ಭಾರ ಮುಟ್ಟಬಾರದು. ಊದಿದ ಗಂಟು ಕರಗಲು ವಾರಗಟ್ಟಲೆ ಹಿಡಿಯಬಹುದು, ಅದಕ್ಕೆ ಹೆದರಬೇಕಿಲ್ಲ. ಆದರೆ ಅರ್ಧಕ್ಕೆ ಬಿಟ್ಟರೆ ಕೀವಾಗಿ ಬೀಜವನ್ನೇ ತೆಗೆಯಬೇಕಾದೀತು, ಮಕ್ಕಳಾಗುವುದಕ್ಕೂ ತೊಂದರೆ. ನಮ್ಮ ಮದುವೆಯಾಗಿ ಎರಡು ವರ್ಷ, ಇನ್ನೂ ಮಕ್ಕಳಿಲ್ಲ.

ಇಷ್ಟೆಲ್ಲ ಕೇಳಿಯೂ ನನ್ನ ಗಂಡ ಕೈಮುಗಿದದ್ದು ಯಾವುದಕ್ಕೆ? "ಸಾರ್, ಚೀಟಿಯೊಳಗ ರೋಗದ ಹೆಸರು ಬರೀಬ್ಯಾಡ್ರಿ." ಡಾಕ್ಟರು ನಿಟ್ಟುಸಿರು ಬಿಟ್ಟು 'ಹದಿನಾಲ್ಕು ದಿನ ವಿಶ್ರಾಂತಿ' ಎಂದಷ್ಟೇ ಬರೆದರು. ಅವನು ಚೀಟಿಯ ಫೋಟೊ ಫ್ಯಾಕ್ಟರಿಗೆ ಕಳಿಸಿ, ಫೋನ್ ಮಾಡಿ ಮತ್ತೆ ಸೊಂಟ ಎಂದೇ ಹೇಳಿದ.

ಐಸಿಗೆ ಪಿಳ್ಳಮ್ಮನ ಫ್ರಿಜ್ಜೇ ಗತಿ. "ಸೊಂಟಕ್ಕೆ ಯಾರಾನ ಐಸ್ ಇಕ್ತಾರೇನಮ್ಮಿ? ಉಪ್ಪಿನ ಕಾವು ಕೊಡು," ಎಂದಳು. ನಾನು ನಿಜ ಹೇಳಿದೆ. "ಅಯ್ಯೋ, ಮೊದ್ಲೇ ಏಳ್ಬಾರ್ದಾ," ಎಂದು ಟ್ರೇ ಸಮೇತ ಕೊಟ್ಟಳು. ನಿಜ ಹೇಳಿದರೆ ಆಕಾಶವೇನೂ ಬೀಳಲಿಲ್ಲ.

ನಾಲ್ಕನೇ ದಿನಕ್ಕೆ ಜ್ವರ ಇಳಿದು ನೋವು ಅರ್ಧವಾಯಿತು. ಅಷ್ಟರಲ್ಲಿ ಶ್ರೀಧರ್ ಫೋನು. ಕಾಯಿಲೆಯ ಹೆಸರಿಲ್ಲದ ಚೀಟಿ ನಡೆಯುವುದಿಲ್ಲ, ಬರದಿದ್ದರೆ ಆ ಜಾಗಕ್ಕೆ ಬೇರೆಯವರು. ಸಿದ್ರಾಮ ಮಾತ್ರೆಯನ್ನು ಕಪಾಟಿಗೆ ಎಸೆದು "ಆರಾಮಾಗೇತಿ" ಎಂದು ಅಂಗಿ ತೊಟ್ಟ. ನಾನು ಬಾಯಿಗೆ ಬಂದಂತೆ ಬೈದೆ. ಅವನು ಕಾಲು ಅಗಲಿಸಿಕೊಂಡೇ ಹೊರಟ, ನಾನು ಮಾತ್ರೆ ಮತ್ತು ಚೀಟಿ ಹಿಡಿದು ಹಿಂದೆ ಹೊರಟೆ.

ಶೆಡ್ಡಿನಲ್ಲಿ ಶ್ರೀಧರ್ ಹೊಸ ಬೆಲ್ಟೊಂದನ್ನು ಅವನ ಕೈಗೆ ಕೊಟ್ಟ, ದಾಸಪ್ಪಣ್ಣನ ಬೆಲ್ಟಿನಂಥದ್ದೇ. "ಸೊಂಟ ನೋವಿಗೆ ಮಲಗಬಾರ್ದು ಕಣೋ, ಓಡಾಡ್ತಾ ಇರ್ಬೇಕು. ಇದನ್ನ ಬಿಗಿದು ಮೂಟೆ ಎತ್ತು, ಸರಿ ಹೋಗುತ್ತೆ," ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಸಿದ್ರಾಮ ಹಲ್ಲು ಕಚ್ಚಿ ಮೂಟೆಗೆ ಬಗ್ಗಿದ. ನನಗೆ ತಡೆಯಲಾಗಲಿಲ್ಲ.

"ಮುಟ್ಟಬ್ಯಾಡ ಅದನ್ನ!" ಎಂದು ಕೂಗಿದೆ. "ಸಾರ್, ಅವಂಗ ಸೊಂಟ ನೋವಲ್ಲ. ಬೀಜಕ್ಕ ಬಾವು ಬಂದೈತಿ. ನಿಮ್ಮ ಮೊಳಿಗಿ ನೇತಾಡ್ತೈತಲ್ಲ ಆ ಬಿಲ್ಲಿ, ಅದರಿಂದ ಬಂದೈತಿ. ಕಟ್ಕೊಂಡು ಕಟ್ಕೊಂಡು ಮೂಟಿ ಎತ್ತಿ ಬಂದೈತಿ. ಈಗ ನಗ್ರಿ, ಎಲ್ಲಾರೂ ನಗ್ರಿ!"

ಯಾರೂ ನಗಲಿಲ್ಲ. ಶ್ರೀಧರ್ ಕಿವಿಯವರೆಗೂ ಕೆಂಪಾದ. "ಏನ್ರೀ ಮಹಾದೇವಿ, ಹೆಂಗಸ್ರು ಆಡೋ ಮಾತಾ ಇದು? ಕರ್ಕೊಂಡು ಹೋಗಿ, ಹದಿನಾಲ್ಕು ದಿನಾನೂ ಮಲಗಿಸ್ಕೊಳ್ಳಿ," ಎಂದ. ನನ್ನ ಬಾಯಿ ಮುಚ್ಚಿದರೆ ಸಾಕಾಗಿತ್ತು ಅವನಿಗೆ. ಬಿಲ್ಲೆ ಮಾತ್ರ ಅದೇ ಮೊಳೆಯಲ್ಲಿ ಉಳಿಯಿತು.

ದಾರಿಯುದ್ದಕ್ಕೂ ಸಿದ್ರಾಮ "ಮಾನ ಕಳದಿ" ಎಂದು ಗೊಣಗಿದ. ಮನೆಗೆ ಬಂದು ಮಾತ್ರೆ ನುಂಗಿಸಿದೆ, ಟವೆಲ್ ಸುತ್ತಿಟ್ಟೆ, ಐಸ್ ಇಟ್ಟೆ. ಗೊಣಗುತ್ತಲೇ ಮಲಗಿದ.

ಸಂಜೆ ಶಿಫ್ಟ್ ಬಿಟ್ಟ ಮೇಲೆ ದಾಸಪ್ಪಣ್ಣ ಎರಡು ಎಳನೀರು ಹಿಡಿದು ಬಾಗಿಲಿಗೆ ಬಂದ. ಸಿದ್ರಾಮನನ್ನು ನೋಡಲು ಬಂದಿದ್ದಾನೆಂದು ಒಳಗೆ ಕರೆದೆ. ಅವನು ಹೊಸ್ತಿಲು ದಾಟಲಿಲ್ಲ.

"ಮಾದೇವಮ್ಮ, ಆನೇಕಲ್ಲಾಗೆ ಆ ಡಾಕ್ಟ್ರು ದಿನಾ ಇರ್ತಾರಾ?" ಎಂದು ಮೆಲ್ಲಗೆ ಕೇಳಿದ.

"ಯಾರಿಗಣ್ಣ?"

ಅವನು ಸೊಂಟದ ಬೆಲ್ಟು ಬಿಚ್ಚಿ, ಸುತ್ತಿ, ಎಳನೀರಿನ ಪಕ್ಕದಲ್ಲಿಟ್ಟ. "ನಂಗೂ ಸೊಂಟ ಅಲ್ಲ ಕಣಮ್ಮ," ಎಂದ.

ಆ ಮನುಷ್ಯನನ್ನು ನಾನು ಎರಡು ಸಲ ಒದ್ದಿದ್ದೆ.