ಎದೆ ಒತ್ತಿಸಿಕೊಂಡ ಬೊಂಬೆ

ನಾನು ಒಂದು ರಬ್ಬರ್ ಬೊಂಬೆ. ತಲೆ, ಎದೆ, ಹೊಟ್ಟೆ, ಅಷ್ಟೇ ನಾನು. ಕಾಲು ಯಾಕೆ ದಂಡ ಅಂತ ಕಾರ್ಖಾನೆಯವರು ಸೊಂಟಕ್ಕೇ ನಿಲ್ಲಿಸಿಬಿಟ್ಟರು. ಎದೆಯೊಳಗೆ ಸ್ಪ್ರಿಂಗ್ ಇಟ್ಟರು. ಹೃದಯ ನಿಂತವರ ಎದೆಯನ್ನು ಹೇಗೆ ಒತ್ತಬೇಕೆಂದು ಡಾಕ್ಟರಾಗುವವರು ನನ್ನ ಮೇಲೆ ಕಲಿಯಬೇಕು. ಸರಿಯಾಗಿ ಒತ್ತಿದರೆ 'ಟಕ್' ಅನ್ನುತ್ತೇನೆ, ಇಲ್ಲದಿದ್ದರೆ ಇಲ್ಲ.

ಹುಬ್ಬಳ್ಳಿ ಕಡೆಯ ಮೆಡಿಕಲ್ ಕಾಲೇಜೊಂದಕ್ಕೆ ಬಂದೆ. ಬಂದು ಏನು ಭಾಗ್ಯ? ಕಪಾಟಿನಲ್ಲಿ ಬಿದ್ದಿದ್ದೆ. ಆಗ ಪರೀಕ್ಷೆಯೆಂದರೆ ಎದೆ ಒತ್ತುವ ಬಗ್ಗೆ ಪುಟಗಟ್ಟಲೆ ಬರೆಯುವುದು. ಆಮೇಲೆ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವುದು ಬಂತು. ನನ್ನನ್ನು ಮುಟ್ಟದೆಯೇ ಪಾಸಾಗಿ ಹೋದರು, ಥೂ!

ಕೊನೆಗೆ ವಿಭಾಗದ ಮುಖ್ಯಸ್ಥ ಡಾಕ್ಟರ್ ಅಂಕಲಕೋಟಿ, ಇನ್ನು ಮಾಡಿ ತೋರಿಸುವ ಪರೀಕ್ಷೆ ಎಂದು ನನ್ನನ್ನು ಮೇಜಿನ ಮೇಲೆ ಮಲಗಿಸಿದರು. ಖುಷಿಪಟ್ಟೆ ನೋಡಿ, ನನ್ನಂಥ ಪೆದ್ದ ಇನ್ನೊಬ್ಬನಿಲ್ಲ. ಆ ಮಹಾಶಯರ ಲೆಕ್ಕದಲ್ಲಿ ನಮಸ್ಕಾರ ಅಂದರೆ ಒಂದು ಅಂಕ, ಹೆಸರು ಹೇಳಿದರೆ ಒಂದು, ಒಪ್ಪಿಗೆ ಕೇಳಿದರೆ ಒಂದು. ಎದೆ ಒತ್ತಿದರೂ ಒಂದೇ! ಬಂದವರೆಲ್ಲ ಸತ್ತಂತೆ ಬಿದ್ದ ನನಗೆ ಕೈಮುಗಿದು, ಎದೆ ಸವರಿ ಹೋದರು. ನನಗೆ ಮೈಯೆಲ್ಲ ಉರಿಯಿತು.

ನೀಲಗಂಗಾ ಎಂಬ ಹುಡುಗಿ ಮಾತ್ರ ಬಂದವಳೇ ತೋಳು ನೆಟ್ಟಗೆ ಮಾಡಿ ಒತ್ತಿದಳು. ಟಕ್, ಟಕ್, ಟಕ್! ಅಬ್ಬಾ, ಒಬ್ಬಳಾದರೂ ಸಿಕ್ಕಳಲ್ಲ ಅಂದುಕೊಂಡೆ. ಅಂಕಲಕೋಟಿ ಅವಳನ್ನು ಫೇಲು ಮಾಡಿದರು.

"ಉಸಿರು ನಿಂತಾಂವಗ ನಮಸ್ಕಾರ ಮಾಡ್ಕೋತ ನಿಂದರಬೇಕೇನ್ರಿ ಸರ?" ಎಂದು ಅವಳು ಅಳುತ್ತಲೇ ಕೇಳಿದಳು.

"ನೀ ಛಲೋ ಒತ್ತೀದಿ, ಖರೇ. ಆದ್ರ ನಿನಗೊಂದು ಕಾನೂನು, ಉಳದಾವ್ರಿಗೊಂದು ಕಾನೂನು ಮಾಡಾಕ ಬರೂದಿಲ್ಲವ್ವಾ."

ನ್ಯಾಯವಂತರಂತೆ! ಆ ನ್ಯಾಯಕ್ಕಿಷ್ಟು ಬೆಂಕಿ ಬೀಳಲಿ. ಜೊತೆಯವರೆಲ್ಲ ಬಿಳಿ ಕೋಟು ತೊಟ್ಟು ವಾರ್ಡಿಗೆ ಹೋದರು, ಈ ಹುಡುಗಿ ಮತ್ತೆ ಓದಲು ಕುಳಿತಳು.

ಮರುಪರೀಕ್ಷೆಗೆ ಬಂದಳು. ನಗುತ್ತಾ ಕೈಮುಗಿದಳು. ಹೆಸರು ಹೇಳಿದಳು. ಒಪ್ಪಿಗೆ ಕೇಳಿ, ನನ್ನ ಉತ್ತರಕ್ಕೆ ಕಾದು ನಿಂತಳು! ಒತ್ತೇ ತಾಯಿ, ಒತ್ತೇ ಎಂದು ಒಳಗೊಳಗೇ ಕೂಗಿಕೊಂಡೆ. ಗಂಟೆ ಹೊಡೆಯುವ ಹೊತ್ತಿಗೆ ಅವಸರವಾಗಿ ಎರಡು ಸಲ ಸವರಿದಂತೆ ಒತ್ತಿದಳು. ಅಂಕಲಕೋಟಿ "ಭೇಷ್" ಎಂದರು. ಪಾಸು.

ಈಗ ನನ್ನ ರಬ್ಬರ್ ಸೀಳಿದೆ. ಮುರಿದ ಸ್ಟೂಲುಗಳ ಜೊತೆ ಉಗ್ರಾಣದಲ್ಲಿ ಮೂಲೆಗುಂಪಾಗಿದ್ದೇನೆ. ನೀಲಗಂಗಾ ಯಾವುದೋ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಡಾಕ್ಟರಂತೆ. ನಾನು ರಬ್ಬರಿನವನು, ಅವಳ ಉಪಚಾರದ ಮಾತು ಮುಗಿಯುವವರೆಗೂ ಕಾದೆ. ಅಲ್ಲಿಗೆ ಬರುವವರಿಗೆ ಅಷ್ಟು ಹೊತ್ತಿರುವುದಿಲ್ಲ.